ಕೌದಿ

ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಕೈಯಿಂದಲೇ ಹೊಲಿಯುವ ಹೊದಿಕೆ ಹಾಗೂ ಹಾಸಿಗೆ. ಕವುದಿ ಎಂದೂ ಬರೆಯುತ್ತಾರೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೇರಿದಂತೆ ಉತ್ತರ ಕರ್ನಾಟಕದ ಉದ್ದಕ್ಕೂ ರೂಢಿಯಲ್ಲಿದೆ.

ಕೆಲಸ ಶುರುವಾಗುವುದು ಅಡಿಬಟ್ಟೆಯಿಂದ. ಒಗೆದೊಗೆದು ಮೆತ್ತಗಾದ ಹತ್ತಿಯ ಸೀರೆಯನ್ನು ಸುಕ್ಕಿಲ್ಲದಂತೆ ನೆಲಕ್ಕೆ ಹಾಸಿ, ಅದರ ಮೇಲೆ ಹಳೆ ಧೋತರ, ಸೀರೆಗಳನ್ನು ಹರಡುತ್ತಾರೆ. ಪದರ ಸರಿಯದಂತೆ ಅಲ್ಲಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಬೀಳುತ್ತದೆ. ಆಮೇಲೆ ತುಂಡಿನ ಅಂಚನ್ನು ಬೆರಳಿನಿಂದ ಒಳಕ್ಕೆ ಮಡಚುತ್ತ, ಎಲ್ಲ ಪದರಗಳನ್ನೂ ಹಿಡಿದು ಸಾಲುಹೊಲಿಗೆ ಹಾಕುತ್ತ, ಅಂಚಿನಿಂದ ನಡುವಿಗೆ ಸಾಗುತ್ತಾರೆ. ನುಣುಪಾದ ಪಾಲಿಯೆಸ್ಟರ್ ಜಾರುತ್ತದೆ, ಬೆವರನ್ನೂ ಹೀರದು. ಕೌದಿಗೆ ಹತ್ತಿಯೇ ಸರಿ.

ತುಂಡುಗಳು ಹೆಚ್ಚಾಗಿ ಚೌಕ, ಪಟ್ಟಿ, ತ್ರಿಕೋನ. ಷಟ್ಕೋನದ ತುಂಡು ಇಂಗ್ಲೆಂಡಿನಲ್ಲಿ ಬೆಳೆದ ಬೇರೆ ಪದ್ಧತಿಯದು: ಕಾಗದದ ಅಚ್ಚಿಗೆ ಬಟ್ಟೆ ಮಡಚಿ ಕಚ್ಚಾ ಹೊಲಿಗೆ ಹಾಕಿ, ಅಂಚಿಗೆ ಅಂಚು ಸೇರಿಸಿ ಹೊಲಿದು, ಕೊನೆಗೆ ಕಾಗದ ತೆಗೆಯುತ್ತಾರೆ. ಒಂದರ ಸುತ್ತ ಆರು ಕೂತರೆ ಹೂವು. ಮೂಲೆಗಳು 120 ಡಿಗ್ರಿಯವಾದ್ದರಿಂದ ಮೂರು ತುಂಡು ಒಂದೆಡೆ ಸಂದಿಲ್ಲದೆ ಕೂಡುತ್ತವೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಸಾಲು ಸೊಟ್ಟಗಾಗುತ್ತದೆ. ಕೌದಿಗೆ ಆ ಕಾಟವಿಲ್ಲ. ತುಂಡು ನೇರವಾಗಿ ಪದರದ ಮೇಲೆಯೇ ಕೂರುವುದರಿಂದ, ಸಾಲದಿದ್ದಲ್ಲಿ ಇನ್ನೊಂದು ಚೂರು ಇಟ್ಟರಾಯಿತು.