ಬಂದು ಹೋಗುವ ಕಾಮಾಲೆ: ಪಿತ್ತನಾಳದ ಲೋಳೆಗಡ್ಡೆಗಳ ಪತ್ತೆ ಮತ್ತು ಚಿಕಿತ್ಸೆ

ಪೀಠಿಕೆ

ರಾಜ್ಯದ ಬಹುತೇಕ ಹಳ್ಳಿಗಳಂತೆ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲೂಕಿನ ಸಾಂಬ್ರಾಣಿ ಸೀಮೆಯಲ್ಲೂ ಕಾಮಾಲೆಗೆ ಮೊದಲ ಮದ್ದು ನಾಟಿ ಔಷಧ ಮತ್ತು ಪಥ್ಯ. ವೈರಾಣುವಿನಿಂದ ಬಂದ ಕಾಮಾಲೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುವುದರಿಂದ ಈ ನಂಬಿಕೆ ಗಟ್ಟಿಯಾಗಿದೆ. ಆದರೆ ಇಳಿದು ಮತ್ತೆ ಏರುವ ಕಾಮಾಲೆಯ ಹಿಂದೆ ಪಿತ್ತನಾಳದ ಅಡಚಣೆ ಇರಬಹುದು. ಅದಕ್ಕೆ ಸಾಮಾನ್ಯ ಕಾರಣ ಕಲ್ಲು. ಅಪರೂಪದ ಕಾರಣ ಲೋಳೆ ಸ್ರವಿಸುವ ಗಡ್ಡೆ. ಈ ಏರಿಳಿತವನ್ನೇ ರೋಗದ ಕುರುಹೆಂದು ಪರಿಗಣಿಸಬೇಕೆಂಬುದು ಪ್ರಸ್ತುತ ಲೇಖನದ ವಾದ.

ರೋಗಸ್ವರೂಪ

ಲೋಳೆ ಸ್ರವಿಸುವ ಈ ಗಡ್ಡೆಗಳಲ್ಲಿ ಮುಖ್ಯವಾದವು ಎರಡು. ನಾಳದ ಒಳಗೋಡೆಯಲ್ಲಿ ಕುಚ್ಚುಕುಚ್ಚಾಗಿ ಬೆಳೆಯುವ ಇಂಟ್ರಾಡಕ್ಟಲ್ ಪ್ಯಾಪಿಲರಿ ನಿಯೋಪ್ಲಾಸಂ (ಐಪಿಎನ್‌ಬಿ) ಮೊದಲನೆಯದು. ವಿಶ್ವ ಆರೋಗ್ಯ ಸಂಸ್ಥೆ 2010ರ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಎರಡನೆಯದು ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ: ಬಹುಪಾಲು ನಡುವಯಸ್ಸಿನ ಹೆಂಗಸರಲ್ಲಿ ಕಾಣುವ ಚೀಲಗಡ್ಡೆ. ಇದರ ಗೋಡೆಯಲ್ಲಿ ಅಂಡಾಶಯದ ಅಂಗಾಂಶವನ್ನು ಹೋಲುವ ಪದರವಿರುತ್ತದೆ. ಪಿತ್ತನಾಳದೊಂದಿಗೆ ಸಾಮಾನ್ಯವಾಗಿ ಸಂಪರ್ಕವಿರುವುದಿಲ್ಲ.

ಐಪಿಎನ್‌ಬಿ ಹೆಚ್ಚಾಗಿ ವರದಿಯಾಗಿರುವುದು ಪೂರ್ವ ಏಷ್ಯಾದಿಂದ. ಯಕೃತ್ತಿನೊಳಗಿನ ಕಲ್ಲು ಮತ್ತು ಸಿಹಿನೀರಿನ ಹಸಿಮೀನಿನಿಂದ ಬರುವ ಯಕೃತ್ ಜಂತು ಅಲ್ಲಿ ಇದಕ್ಕೆ ಪೂರಕ. ಸುಮಾರು ಮೂರರಲ್ಲೊಬ್ಬರಲ್ಲಿ ಲೋಳೆ ಕಣ್ಣಿಗೆ ಕಾಣುವಷ್ಟು ಸುರಿಯುತ್ತದೆ. ಲೋಳೆ ನಾಳವನ್ನು ಕಟ್ಟಿದಾಗ ಹೊಟ್ಟೆನೋವು, ಚಳಿಜ್ವರ, ಕಾಮಾಲೆ. ಅದು ಕರುಳಿಗೆ ಜಾರಿದಾಗ ಉಪಶಮನ. ಗುಣವಾಯಿತೆಂದು ರೋಗಿ ನಂಬಿದ ಆ ಅವಧಿಯಲ್ಲೂ ಗಡ್ಡೆ ಬೆಳೆಯುತ್ತಲೇ ಇರುತ್ತದೆ.

ಪತ್ತೆ

ಸ್ಕ್ಯಾನಿಂಗ್‌ನಲ್ಲಿ ನಾಳ ಹಿಗ್ಗಿದ್ದು ಕಲ್ಲು ಕಾಣದಿದ್ದರೆ ಅನುಮಾನ ಮೂಡಬೇಕು. ಇತರ ಗಡ್ಡೆಗಳಲ್ಲಿ ಅಡಚಣೆಯ ಮೇಲ್ಭಾಗವಷ್ಟೇ ಹಿಗ್ಗಿದರೆ, ಇಲ್ಲಿ ಲೋಳೆ ತುಂಬಿ ಕೆಳಭಾಗವೂ ಹಿಗ್ಗುತ್ತದೆ. ಪಿತ್ತನಾಳಗಳ ಎಂಆರ್‌ಐ ಚಿತ್ರಣವಾದ ಎಂಆರ್‌ಸಿಪಿಯಲ್ಲಿ ಲೋಳೆ, ಪಿತ್ತ ಎರಡೂ ಬೆಳ್ಳಗೇ ಕಾಣುವುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಎಂಡೋಸ್ಕೋಪ್ ಮೂಲಕ ನಾಳವನ್ನು ಪರೀಕ್ಷಿಸುವ ಇಆರ್‌ಸಿಪಿ ಮಾಡುವಾಗ ನಾಳ ಸಣ್ಣಕರುಳಿಗೆ ತೆರೆಯುವ ದ್ವಾರ ಮೀನಿನ ಬಾಯಿಯಂತೆ ಅಗಲವಾಗಿ, ಅಂಟಾದ ಲೋಳೆ ಒಸರುತ್ತಿದ್ದರೆ ಅದು ಬಲವಾದ ಸಾಕ್ಷ್ಯ. ಗಡ್ಡೆ ಎಲ್ಲಿಯವರೆಗೆ ಹಬ್ಬಿದೆಯೆಂದು ನೋಡಿ ತುಣುಕು ತೆಗೆಯಲು, ನಾಳದೊಳಗೆ ದರ್ಶಕ ತೂರಿಸುವ ಕೊಲಾಂಜಿಯೋಸ್ಕೋಪಿ ನೆರವಾಗುತ್ತದೆ.

ಚಿಕಿತ್ಸೆ

ಐಪಿಎನ್‌ಬಿ ಕ್ಯಾನ್ಸರಿನ ಪೂರ್ವರೂಪ. ತೆಗೆದ ಅನೇಕ ಗಡ್ಡೆಗಳಲ್ಲಿ ಕ್ಯಾನ್ಸರ್ ಆಗಲೇ ಬೇರೂರಿರುತ್ತದೆ. ಆದ್ದರಿಂದ ದೇಹಸ್ಥಿತಿ ಒಪ್ಪಿದರೆ ಶಸ್ತ್ರಚಿಕಿತ್ಸೆಯೇ ದಾರಿ. ರೋಗವಿರುವ ಯಕೃತ್ತಿನ ಭಾಗವನ್ನು ನಾಳಸಹಿತ ತೆಗೆಯುತ್ತಾರೆ. ರೋಗ ನಾಳದ ಕೆಳತುದಿಯಲ್ಲಿದ್ದರೆ ಮೇದೋಜೀರಕದ ತಲೆಭಾಗವನ್ನೂ ಸಣ್ಣಕರುಳಿನ ಮೊದಲ ಭಾಗವನ್ನೂ ತೆಗೆಯುವ ವಿಪಲ್ ಶಸ್ತ್ರಚಿಕಿತ್ಸೆ ಬೇಕಾದೀತು. ಗಡ್ಡೆ ಒಳಪದರದ ಮೇಲೇ ಹಬ್ಬುವುದರಿಂದ, ಕತ್ತರಿಸಿದ ಅಂಚನ್ನು ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಫ್ರೋಜನ್ ಸೆಕ್ಷನ್ ಎಂಬ ತಕ್ಷಣದ ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹಿಸಬೇಕು. ಚೀಲಗಡ್ಡೆಯನ್ನೂ ಇಡಿಯಾಗಿ ತೆಗೆಯಬೇಕು. ಬರೀ ದ್ರವ ಹೀರಿದರೆ ಮತ್ತೆ ತುಂಬಿಕೊಳ್ಳುತ್ತದೆ. ಸ್ಟೆಂಟ್ ಲೋಳೆಯಿಂದ ಬೇಗ ಕಟ್ಟಿಕೊಳ್ಳುವುದರಿಂದ ಅದು ತಾತ್ಕಾಲಿಕ ಆಸರೆ ಮಾತ್ರ. ಹರಡಿದ ಪಿತ್ತನಾಳದ ಕ್ಯಾನ್ಸರಿಗೆ 2010ರಲ್ಲಿ ಪ್ರಕಟವಾದ ಚಿಕಿತ್ಸಾ ಪ್ರಯೋಗವೊಂದರಿಂದೀಚೆಗೆ ಜೆಮ್‌ಸಿಟಾಬಿನ್–ಸಿಸ್‌ಪ್ಲಾಟಿನ್ ಜೋಡಿ ಕೀಮೋಥೆರಪಿಯ ಆಧಾರವಾಗಿದೆ.

ಉಪಸಂಹಾರ

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿ ಎದ್ದಿತ್ತು. ಹಳಿಯಾಳದವರು ಇಂಥ ಕಾಯಿಲೆಗೆ ಧಾರವಾಡ, ಹುಬ್ಬಳ್ಳಿ, ಕೆಲವೊಮ್ಮೆ ಬೆಂಗಳೂರಿಗೇ ಹೋಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆದಕಾರಣ ತಾಲೂಕು ಆಸ್ಪತ್ರೆಯ ವೈದ್ಯರ ತೀರ್ಮಾನವೇ ನಿರ್ಣಾಯಕ. ಕಾಮಾಲೆ ಮರುಕಳಿಸಿ, ನಾಳ ಹಿಗ್ಗಿ, ಕಲ್ಲು ಸಿಗದಿದ್ದರೆ ಮೂರನೆಯ ಬಾರಿಗೆ ಕಾಯದೆ ರೋಗಿಯನ್ನು ಯಕೃತ್ ಶಸ್ತ್ರಚಿಕಿತ್ಸೆಯ ಕೇಂದ್ರಕ್ಕೆ ಕಳುಹಿಸಬೇಕು.