ನೋಟ ಹಲವು, ವಸ್ತು ಒಂದೇ: ತಂತ್ರಾಂಶ ವಿನ್ಯಾಸದ ಒಂದು ಕಥೆ

ವೀಣೆಯ ತಂತಿಯೊಂದರ ಕಂಪನವನ್ನು ಗಣಕದಲ್ಲಿ ದಾಖಲಿಸಿದ್ದೀರಿ ಎಂದಿಟ್ಟುಕೊಳ್ಳಿ. ಪರದೆಯ ಒಂದು ಕಿಟಕಿಯಲ್ಲಿ ಅಲೆಯ ಆಕಾರ, ಇನ್ನೊಂದರಲ್ಲಿ ಆವೃತ್ತಿಗಳ ರೋಹಿತ, ಮತ್ತೊಂದರಲ್ಲಿ ಅಂಕಿಗಳ ಕೋಷ್ಟಕ. ನೋಟ ಮೂರು, ಕಂಪನ ಒಂದೇ. ಕೋಷ್ಟಕದಲ್ಲಿ ತಪ್ಪಾದ ಅಂಕಿಯೊಂದನ್ನು ತಿದ್ದಿದರೆ ಉಳಿದೆರಡು ಚಿತ್ರಗಳೂ ಬದಲಾಗಬೇಕು. ಪ್ರತಿ ಕಿಟಕಿಗೂ ದತ್ತಾಂಶದ ಬೇರೆ ಬೇರೆ ಪ್ರತಿ ಕೊಟ್ಟರೆ ಇಂದಲ್ಲ ನಾಳೆ ಅವು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಈ ತೊಡಕಿಗೆ ಪರಿಹಾರ ಹುಡುಕಿದವರು ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್. 1960ರ ದಶಕದಲ್ಲಿ ಹಡಗು ನಿರ್ಮಾಣಕ್ಕಾಗಿ ಆಟೋಕಾನ್ ಎಂಬ ತಂತ್ರಾಂಶ ರೂಪಿಸಿದ್ದ ಅವರಿಗೆ ದೊಡ್ಡ ಯೋಜನೆಗಳ ಗೋಜಲು ಚೆನ್ನಾಗಿ ಗೊತ್ತಿತ್ತು. 1978-79ರಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯಕ್ಕೆ ಅತಿಥಿಯಾಗಿ ಹೋದರು. ಅಲ್ಲಿ ಸ್ಮಾಲ್‌ಟಾಕ್ ಭಾಷೆ ಬೆಳೆಯುತ್ತಿತ್ತು. 1979ರಲ್ಲಿ ಬರೆದ ಟಿಪ್ಪಣಿಗಳಲ್ಲಿ ಅವರು ಕೆಲಸವನ್ನು ಮೂರು ಪಾಲು ಮಾಡಿದರು: ವಸ್ತುವಿಷಯವನ್ನು ಹಿಡಿದಿಡುವ ಮಾಡೆಲ್, ಅದನ್ನು ತೋರಿಸುವ ವ್ಯೂ, ಬಳಕೆದಾರನ ಆದೇಶಗಳನ್ನು ನಿಭಾಯಿಸುವ ಕಂಟ್ರೋಲರ್. ಇದೇ ಎಂವಿಸಿ.

ಇದರ ಜಾಣ್ಮೆ ಇರುವುದು ಮಾಡೆಲ್‌ನ ಅಜ್ಞಾನದಲ್ಲಿ! ತನ್ನನ್ನು ಯಾರು, ಹೇಗೆ ತೋರಿಸುತ್ತಾರೆ ಎಂಬುದು ಅದಕ್ಕೆ ತಿಳಿಯದು. ನೋಂದಾಯಿಸಿಕೊಂಡವರಿಗೆಲ್ಲ 'ನಾನು ಬದಲಾದೆ' ಎಂದಷ್ಟೇ ಸುದ್ದಿ ಕಳಿಸುತ್ತದೆ. ಚಂದಾದಾರರಿಗೆ ಸಂಚಿಕೆ ಕಳಿಸುವವರು ನೀವು ಅದನ್ನು ಕುರ್ಚಿಯಲ್ಲಿ ಓದುತ್ತೀರೋ ಬಸ್ಸಿನಲ್ಲೋ ಎಂದು ಕೇಳುವುದಿಲ್ಲವಷ್ಟೆ? ಹೀಗಾಗಿ ನಾಲ್ಕನೆಯ ಕಿಟಕಿ ಸೇರಿಸಿದರೂ ಮಾಡೆಲ್‌ನ ಒಂದು ಸಾಲನ್ನೂ ತಿದ್ದಬೇಕಿಲ್ಲ.

ಇಂಥ ಉಪಾಯಗಳಿಗೆ 'ಪ್ಯಾಟರ್ನ್' ಎಂಬ ಹೆಸರು ಬಂದದ್ದು ಕಟ್ಟಡಗಳ ಲೋಕದಿಂದ. ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1977ರ ಗ್ರಂಥದಲ್ಲಿ ಮನೆ, ಬೀದಿ, ಊರುಗಳ ವಿನ್ಯಾಸದಲ್ಲಿ ಮರುಕಳಿಸುವ ಸಮಸ್ಯೆಗಳನ್ನೂ ಪರಿಹಾರಗಳನ್ನೂ ಪಟ್ಟಿ ಮಾಡಿದ್ದರು. 1987ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ ಆ ಕ್ರಮವನ್ನು ತಂತ್ರಾಂಶಕ್ಕೆ ತಂದರು. 1994ರಲ್ಲಿ ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ ಎಂಬ ನಾಲ್ವರು 23 ಪ್ಯಾಟರ್ನ್‌ಗಳ ಪುಸ್ತಕ ಹೊರತಂದರು. 'ಬದಲಾದೆ' ಎಂದು ಸಾರುವ ಉಪಾಯ ಅದರಲ್ಲಿ ಅಬ್ಸರ್ವರ್ ಎಂಬ ಹೆಸರು ಪಡೆಯಿತು. (ಪುಸ್ತಕ ಓದಿದ ಹುರುಪಿನಲ್ಲಿ ಐವತ್ತು ಸಾಲಿನ ಪ್ರೋಗ್ರಾಮಿಗೂ ಹತ್ತು ಪ್ಯಾಟರ್ನ್ ತುರುಕುವವರಿದ್ದಾರೆ. ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.)

ಅದೇ ವೇಳೆಗೆ ಕ್ಲೈಂಟ್-ಸರ್ವರ್ ವ್ಯವಸ್ಥೆ ಕಚೇರಿಗಳನ್ನು ಹೊಕ್ಕಿತ್ತು. ದತ್ತಾಂಶ ಒಂದು ಸರ್ವರ್‌ನಲ್ಲಿ, ಪರದೆಗಳು ಮೇಜುಮೇಜಿನ ಮೇಲೆ. ಬಹಳ ಕಡೆ ಬಡ್ಡಿ ಲೆಕ್ಕದಂಥ ನಿಯಮಗಳನ್ನು ಪರದೆಯ ಗುಂಡಿಗಳ ಹಿಂದೆಯೇ ಬರೆದುಬಿಟ್ಟರು. ನಿಯಮ ಬದಲಾದಾಗ ಪ್ರತಿ ಗಣಕಕ್ಕೂ ಹೊಸ ಪ್ರೋಗ್ರಾಮ್ ಹಾಕಬೇಕು. ಒಂದು ಗಣಕ ತಪ್ಪಿಹೋದರೆ ಎರಡು ಮೇಜುಗಳಲ್ಲಿ ಎರಡು ಬಡ್ಡಿ! ನಿಯಮಗಳಿಗೆ ನಡುವೆ ಪ್ರತ್ಯೇಕ ಪದರ ಕೊಡುವ ಮೂರು ಪದರಗಳ ವಿನ್ಯಾಸ ಬೇರೂರಿದ್ದು ಈ ಕಹಿ ಅನುಭವದಿಂದ.

ಇತ್ತ ಡೆಸ್ಕ್‌ಟಾಪ್‌ನಲ್ಲಿ ಗುಂಡಿ, ಪಟ್ಟಿಗಳೇ ಮೌಸ್ ಮತ್ತು ಕೀಲಿಮಣೆಯನ್ನು ಗಮನಿಸತೊಡಗಿದ್ದರಿಂದ ಕಂಟ್ರೋಲರ್‌ಗೆ ಕೆಲಸ ಕಡಿಮೆಯಾಯಿತು. 1996ರಲ್ಲಿ ಟ್ಯಾಲಿಜೆಂಟ್ ಕಂಪನಿಯ ಮೈಕ್ ಪೊಟೆಲ್ ಎಂವಿಪಿಯನ್ನು ವಿವರಿಸಿದರು, 2005ರಲ್ಲಿ ಮೈಕ್ರೋಸಾಫ್ಟ್‌ನ ಜಾನ್ ಗಾಸ್‌ಮನ್ ಎಂವಿವಿಎಂ ಅನ್ನು. ಕಿಟಕಿಯಲ್ಲಿನ ಅಂಕಿ ಮತ್ತು ಅದರ ಹಿಂದಿನ ದತ್ತಾಂಶವನ್ನು ವ್ಯವಸ್ಥೆಯೇ ಬೆಸೆದು ಕೊಡುವಲ್ಲಿ ಎರಡನೆಯದು ಹೊಂದುತ್ತದೆ. ಆ ಸೌಕರ್ಯ ಇಲ್ಲದಿದ್ದರೆ ಮೊದಲನೆಯದೇ ಸಲೀಸು.

ಆದರೆ ಇವೆಲ್ಲ ಒಂದೇ ಗಣಕದೊಳಗಿನ ಮಾತು. ಜಾಲದಾಚೆ ಇರುವ ಸರ್ವರ್ 'ಬದಲಾದೆ' ಎಂದು ಸಾವಿರಾರು ಕ್ಲೈಂಟುಗಳಿಗೆ ಸಾರುವುದು ದುಬಾರಿ. ಸಾರಿದರೂ ಸುದ್ದಿ ತಡವಾಗಿ ತಲುಪಬಹುದು. ಉಳಿದ ಒಂದೇ ಆಸನವನ್ನು ಎರಡು ಟಿಕೆಟ್ ಕೌಂಟರುಗಳು ಏಕಕಾಲಕ್ಕೆ ಕಾಣುತ್ತಿವೆ ಎನ್ನಿ. ಇಲ್ಲಿ ಅಬ್ಸರ್ವರ್‌ನ್ನು ನಂಬಿ ಕೂರುವಂತಿಲ್ಲ. ಪ್ರತಿ ದಾಖಲೆಗೂ ಒಂದು ಆವೃತ್ತಿ ಸಂಖ್ಯೆ ಕೊಟ್ಟಿರುತ್ತಾರೆ. ಎರಡೂ ಕೌಂಟರುಗಳು ಓದಿದ್ದು 7 ಎಂದಾದರೆ, ಮೊದಲು ತಲುಪಿದವರು ಅದನ್ನು 8 ಮಾಡಿ ಟಿಕೆಟ್ ಪಡೆಯುತ್ತಾರೆ. ಎರಡನೆಯವರು 7 ಹಿಡಿದು ಬಂದಾಗ ಸರ್ವರ್ ಒಪ್ಪುವುದಿಲ್ಲ, ಮತ್ತೆ ಓದಿ ಬನ್ನಿ ಎನ್ನುತ್ತದೆ.