ಕೆರೆಗೆ ಬಿಟ್ಟ ದಿನಗಳು

ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’ ಎಂಬ ಮಾತು ಹೊಸದಲ್ಲ. ಕೆರೆಯನ್ನು ಕಟ್ಟಿಸಿದವರಿಗೆ, ಇಲ್ಲವೆ ಅದರ ಉಸ್ತುವಾರಿಗೆ ಎಂದು ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ಹೂಳು ಹೊರುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟ ಉಲ್ಲೇಖಗಳುಂಟು. ಕೆರೆ ಕಟ್ಟಿಸುವುದು ಪುಣ್ಯವೆಂದು ಹೇಳಿ ನಮ್ಮ ಹಿರಿಯರು ಸುಮ್ಮನಾಗಲಿಲ್ಲ. ಅದನ್ನು ಕಾಯುವವನ ಅನ್ನಕ್ಕೂ ದಾರಿ ಮಾಡಿದರು. ತರಗತಿಯಲ್ಲಿ ಈ ಮಾತಿಗೆ ಅರ್ಥ ಹೇಳುವಾಗಲೆಲ್ಲ ನನ್ನ ಮನಸ್ಸು ನಮ್ಮ ಜಯಲಕ್ಷ್ಮಿಪುರಂಗೆ ಅನತಿದೂರದಲ್ಲಿರುವ ಕುಕ್ಕರಹಳ್ಳಿ ಕೆರೆಯ ಕಡೆಗೆ ಹರಿಯುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೪ರಲ್ಲಿ ಈ ಕೆರೆಯನ್ನು ಕಟ್ಟಿಸಿದ್ದು ಊರಾಚೆಯ ಬೇಸಾಯಕ್ಕಾಗಿ. ಕಾವೇರಿಯ ನೀರನ್ನು ಮೈಸೂರಿಗೆ ತರಲೆಂದು ದಿವಾನ್ ಪೂರ್ಣಯ್ಯನವರು ತೋಡಿಸಿದ ಕಾಲುವೆ ತನ್ನ ಗುರಿಯನ್ನು ಮುಟ್ಟಲಿಲ್ಲ. ಆದರೂ ಮಳೆಯ ನೀರನ್ನು ಕೂಡಿಸಿ ತಂದು ಈ ಕೆರೆಗೆ ತುಂಬಿ ಸಾರ್ಥಕವಾಯಿತು. ೧೯೦೫ರಲ್ಲಿ ಸಮೀಪದ ದಿಬ್ಬದ ಮೇಲೆ ಜಯಲಕ್ಷ್ಮೀ ವಿಲಾಸ ಎದ್ದಿತು. ೧೯೬೦ರಲ್ಲಿ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಅಲ್ಲಿಗೆ ಬಂತು. ಕುವೆಂಪು ಅವರು ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಊರು ಬೆಳೆಯಿತು, ಗದ್ದೆ ಮರೆಯಾಯಿತು. ಕಾಲುವೆಯ ಜಾಡು ಅಲ್ಲಲ್ಲಿ ಮುಚ್ಚಿಹೋಗಿ, ಸುತ್ತಲಿನ ಬಡಾವಣೆಗಳ ಕೊಳಚೆ ಕೆರೆಯ ಕಡೆಗೆ ತಿರುಗಿತು. ಉಣ್ಣುವ ರೈತನಿಲ್ಲದ ಮೇಲೆ ಕೆರೆಯನ್ನು ಕೇಳುವವರು ಯಾರು?

ಈಗ ಕೇಳುವವರಲ್ಲಿ ವಿದ್ಯಾರ್ಥಿಗಳೂ ಸೇರಿದ್ದಾರೆ. ಗುಂಪುಗುಂಪಾಗಿ ಬಂದು ಕಳೆ ಕೀಳುತ್ತಾರೆ, ಪ್ಲಾಸ್ಟಿಕ್ ಹೆಕ್ಕುತ್ತಾರೆ, ಗಿಡ ನೆಡುತ್ತಾರೆ. ಈ ಸೇವೆಯ ಹಿಂದೆ ಒಂದು ಇತಿಹಾಸವುಂಟು. ೧೯೪೮ರಲ್ಲಿ ನೇಮಕವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ಕಾಲೇಜುಗಳಲ್ಲಿ ರಾಷ್ಟ್ರಸೇವೆಯನ್ನು ಸ್ವಯಂಪ್ರೇರಣೆಯ ಮೇಲೆ ತರಬೇಕೆಂದು ಸಲಹೆ ಮಾಡಿತು. ಅದರ ಅಧ್ಯಕ್ಷರು ಡಾ. ರಾಧಾಕೃಷ್ಣನ್, ೧೯೧೮ರಿಂದ ೧೯೨೧ರವರೆಗೆ ನಮ್ಮ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದವರು. ೧೯೫೯ರಲ್ಲಿ ದೇಶಮುಖ್ ಸಮಿತಿ ಸೇವೆ ಕಡ್ಡಾಯವಾಗಲಿ ಎಂದಿತು. ಮರುವರ್ಷ ಸಯ್ಯಿದೈನ್ ಅವರು, ಅದು ಒಲವಿನಿಂದಲೇ ಬರಲಿ ಎಂದರು. ಕಡೆಗೆ ಗಾಂಧಿ ಶತಾಬ್ದಿಯ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು, ೩೭ ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಅದಕ್ಕೆ ಚಾಲನೆ ಕೊಟ್ಟ ಕೇಂದ್ರ ಶಿಕ್ಷಣ ಸಚಿವರು ವಿ. ಕೆ. ಆರ್. ವಿ. ರಾವ್, ಆಗ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದವರು. ವರ್ಷಕ್ಕೆ ೧೨೦ ಗಂಟೆಯಂತೆ ಎರಡು ವರ್ಷ, ಜೊತೆಗೆ ಏಳು ದಿನದ ಒಂದು ಶಿಬಿರ: ಇದು ಸ್ವಯಂಸೇವಕನ ಲೆಕ್ಕ.

ಲೆಕ್ಕ ಸರಿಯೆ. ಆದರೆ ಕೆರೆಯ ಲೆಕ್ಕ ಬೇರೆ. ಇದನ್ನು ತಿಳಿಯಲು ಅಮೆರಿಕದ ಒಂದು ಅನುಭವವನ್ನು ನೋಡಬಹುದು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅಧ್ಯಕ್ಷ ರೂಸ್ವೆಲ್ಟರು ನಿರುದ್ಯೋಗಿ ತರುಣರಿಗಾಗಿ ‘ಸಿವಿಲಿಯನ್ ಕನ್ಸರ್ವೇಷನ್ ಕೋರ್’ ಎಂಬ ದಂಡು ಕಟ್ಟಿದರು. ತಿಂಗಳಿಗೆ ೩೦ ಡಾಲರು ಸಂಬಳ. ಅದರಲ್ಲಿ ಸುಮಾರು ೨೫ ನೇರ ಮನೆಗೆ. ೧೯೩೩ರಿಂದ ೧೯೪೨ರವರೆಗೆ ಸುಮಾರು ೩೦ ಲಕ್ಷ ತರುಣರು ದುಡಿದರು. ನೆಟ್ಟ ಮರಗಳು ೩೦೦ ಕೋಟಿಯ ಹತ್ತಿರ. ಬೆಂಗಾಡು ಹಸುರಾಯಿತು, ಹಸಿದ ಮನೆಗಳಲ್ಲಿ ಒಲೆ ಹೊತ್ತಿತು. ಇದು ಸಣ್ಣ ಮಾತಲ್ಲ. ಆದರೆ ಅದೇ ಕೈಗಳು ಸೊಳ್ಳೆಯ ನಿವಾರಣೆಗೆಂದು ಜೌಗು ನೆಲಗಳನ್ನು ಬತ್ತಿಸಿ ಹಕ್ಕಿಗಳ ನೆಲೆ ಕಳೆದವು. ಮಣ್ಣು ಕೊಚ್ಚಿಹೋಗದಿರಲೆಂದು ನೆಟ್ಟ ಕುಡ್ಜು ಎಂಬ ಪರದೇಶದ ಬಳ್ಳಿ ಆಮೇಲೆ ದಕ್ಷಿಣ ಸೀಮೆಯ ಮರಗಳನ್ನೇ ಮುಸುಕಿ ನುಂಗಿತು. ಶ್ರಮದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನೆಲದ ಪರಿಚಯದಲ್ಲಿ.

ನಮ್ಮಲ್ಲಿಯೂ ಹೀಗಾಗಿಲ್ಲವೆ? ೧೯೫೦ರಲ್ಲಿ ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಪ್ರತಿ ಮಳೆಗಾಲವೂ ಗಿಡ ನೆಡುತ್ತಿದ್ದೇವೆ. ಬೇಗ ಬೆಳೆಯುತ್ತದೆಂದು ನೀಲಗಿರಿ ಮರವನ್ನು ಬಯಲಿಗೆಲ್ಲ ಹಬ್ಬಿಸಿದೆವು; ೨೦೧೭ರಲ್ಲಿ ಕರ್ನಾಟಕ ಸರ್ಕಾರವೇ ಅದನ್ನು ನೆಡಕೂಡದೆಂದು ಆಜ್ಞೆ ಮಾಡಬೇಕಾಯಿತು. ಕೆರೆಯ ವಿಷಯವೂ ಅಷ್ಟೆ. ಕುಕ್ಕರಹಳ್ಳಿಯ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಜಂಬುಕೋಳಿಗೆ ಅಂಚಿನ ಜೊಂಡೇ ಬಾಣಂತಿಯ ಕೋಣೆ. ನಮ್ಮ ಕಣ್ಣಿಗೆ ಕಸವಾಗಿ ಕಾಣುವ ಜೊಂಡು, ಕೆಸರು, ಒಣಗಿದ ಕೊಂಬೆ ಇವೇ ಅವುಗಳ ಸಂಸಾರ. ಇವನ್ನೆಲ್ಲ ಬಳಿದು ಹಾಕಿ, ದಡಕ್ಕೆ ಕಲ್ಲು ಹಾಸಿ, ಹೂವಿನ ಗಿಡ ನೆಟ್ಟರೆ ಕೆರೆ ಅಂದವಾಗಬಹುದು. ಆದರೆ ಹಕ್ಕಿ ಬರುವುದಿಲ್ಲ. ಗುಡಿಸುವುದು ಬೇರೆ, ಬದುಕಿಸುವುದು ಬೇರೆ. ಯಾವ ಕಳೆಯನ್ನು ಕೀಳಬೇಕು, ಯಾವುದನ್ನು ಬಿಡಬೇಕು, ಯಾವ ತಿಂಗಳಲ್ಲಿ ಗೂಡಿನ ಹತ್ತಿರ ಸುಳಿಯಬಾರದು ಎಂಬುದು ಏಳು ದಿನದಲ್ಲಿ ತಿಳಿಯುವ ವಿದ್ಯೆಯಲ್ಲ.

ಹಾಗೆಂದು ಶಿಬಿರಗಳು ಬೇಡವೆಂದಲ್ಲ. ಎರಡು ವರ್ಷಕ್ಕೊಮ್ಮೆ ಹುಡುಗರು ಬದಲಾಗುವುದು ಕಾಲೇಜಿನ ಧರ್ಮ. ಬದಲಾಗದ ಒಂದು ವಸ್ತು ಇದ್ದರೆ ಸಾಕು. ಒಂದೊಂದು ಕಾಲೇಜಿನ ಘಟಕ ಏರಿಯ ಒಂದೊಂದು ಭಾಗವನ್ನು ತನ್ನದೆಂದು ಹಿಡಿಯಲಿ, ಅದಕ್ಕೊಂದು ಕಡತವಿರಲಿ. ಈ ವರ್ಷ ನೆಟ್ಟ ಗಿಡವೆಷ್ಟು, ಬದುಕಿದ್ದೆಷ್ಟು, ನೀರು ಎಲ್ಲಿಯವರೆಗೆ ನಿಂತಿತು, ಕೊಳಚೆ ಎಲ್ಲಿ ಒಸರಿತು, ಯಾವ ಹಕ್ಕಿ ಎಂದು ಬಂತು, ಎಂದು ಹೋಯಿತು ಎಂಬುದನ್ನು ಹುಡುಗರೇ ಬರೆಯಲಿ, ಹೋಗುವಾಗ ಕಿರಿಯರ ಕೈಗೆ ಕೊಡಲಿ. ಹತ್ತು ವರ್ಷದ ಕಡತ ಕೈಯಲ್ಲಿದ್ದರೆ ನಗರದ ಅಧಿಕಾರಿಗಳ ಮುಂದೆ ಹೋಗಿ ಕೊಳಚೆಯನ್ನು ತಡೆಯಿರಿ, ಕಾಲುವೆಯನ್ನು ಬಿಡಿಸಿರಿ ಎಂದು ಕೇಳುವ ದನಿಗೂ ಬಲ ಬರುತ್ತದೆ. ಇವೆರಡನ್ನೂ ಹಾರೆ ಗುದ್ದಲಿಗಳಿಂದ ಹುಡುಗರು ಮಾಡಲಾರರಷ್ಟೆ.

ಹಿಂದೆ ಕೆರೆಗೆ ಭೂಮಿಯನ್ನು ಬಿಟ್ಟರು. ಇಂದಿನ ವಿದ್ಯಾರ್ಥಿಯ ಬಳಿ ಬಿಡಲು ಭೂಮಿಯಿಲ್ಲ, ದಿನಗಳಿವೆ. ಆ ದಿನಗಳು ಒಂದಕ್ಕೊಂದು ಕೂಡಿಕೊಂಡು ಹೋದರೆ ಅವೂ ಬಿತ್ತುವಟ್ಟವೇ.